ಹೊಟ್ಟೆಕಿಚ್ಚಿನ ಕಾವಲು

ಉಚ್ಚೆಂಗಪ್ಪ ಬಹಳ ದೊಡ್ಡ ಮನುಷ್ಯ ಎಂದು ಯಾರಾದರೂ ನನ್ನ ಅಂಗಡಿ ಮುಂದೆ ನಿಂತು ಹೇಳಿದರೆ ನಾನು ನಕ್ಕುಬಿಡುತ್ತೇನೆ. ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹಂಪಿ ನೋಡಲು ಬಂದು, ದಾರಿ ತಪ್ಪಿ ನಮ್ಮೂರಿಗೂ ಬರುವ ಜನ ಹಾಗೆ ಹೇಳುತ್ತಾರೆ. ನದಿಪ್ರೇಮಿ ಅನ್ನುತ್ತಾರೆ, ಮೀನುಗಳ ತಂದೆ ಅನ್ನುತ್ತಾರೆ. ಒಬ್ಬಾಕೆಯಂತೂ ಅವನನ್ನು ಋಷಿ ಎಂದೇ ಬರೆದುಹಾಕಿದಳಂತೆ. ಋಷಿಯೂ ಇಲ್ಲ, ಮಣ್ಣೂ ಇಲ್ಲ. ನಮ್ಮೂರಲ್ಲಿ ಅವನಷ್ಟು ಹೊಟ್ಟೆಕಿಚ್ಚಿನ ಮನುಷ್ಯ ಇನ್ನೊಬ್ಬನಿಲ್ಲ. ಗೌರಮ್ಮನ ಮಡುವಿನಲ್ಲಿ ಇವತ್ತಿಗೂ ನಾಲ್ಕು ಮೀನು ಉಳಿದಿದ್ದರೆ ಅದು ಆ ಹೊಟ್ಟೆಕಿಚ್ಚಿನ ದೆಸೆಯಿಂದ.

ನಾನು ಕೊಟ್ರಬಸಪ್ಪ. ಹಂಪಿಗೂ ಕಂಪ್ಲಿಗೂ ನಡುವೆ, ತುಂಗಭದ್ರೆಯ ದಂಡೆಯ ಮೇಲೆ ನನ್ನದೊಂದು ಅಂಗಡಿಯಿದೆ. ಅಕ್ಕಿ, ಬೇಳೆಯ ಜೊತೆಗೆ ಬಲೆಯ ನೈಲಾನ್ ದಾರ, ಡಾಂಬರು, ಹರಿಗೋಲಿಗೆ ಹೊದಿಸುವ ಪ್ಲಾಸ್ಟಿಕ್ ಚೀಲ ಎಲ್ಲ ಮಾರುತ್ತೇನೆ. ನಮ್ಮದು ಮೀನು ಮುಟ್ಟದ ಮನೆತನ. ಹಾಗಾಗಿ ಮೀನು ತಿನ್ನುವವರ ಜಗಳವನ್ನು ಕಟ್ಟೆಯ ಮೇಲೆ ಕೂತು ತಣ್ಣಗೆ ನೋಡುತ್ತ ಬಂದಿದ್ದೇನೆ. ನೋಡುವುದಕ್ಕೂ ಖರ್ಚಿಲ್ಲ, ಬೈಯುವುದಕ್ಕೂ ಖರ್ಚಿಲ್ಲ.

ನಮ್ಮೂರಿನ ಬೆಸ್ತರದ್ದು ಒಂದು ಕಟ್ಟಳೆಯಿದೆ. ಮುಂಗಾರಿನ ಮೊದಲ ಮಳೆಗೆ ಹೊಳೆಯಲ್ಲಿ ಕೆಂಪು ನೀರು ಕಂಡ ದಿನ ಎಲ್ಲರೂ ತಮ್ಮ ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕುತ್ತಾರೆ. ಅದು ಮೀನು ತತ್ತಿ ಇಡುವ ಕಾಲ. ಶ್ರಾವಣದ ಕೊನೆಯ ಗಂಗಾಪೂಜೆಯ ತನಕ ಬಲೆ ನೀರಿಗೆ ಇಳಿಯುವಂತಿಲ್ಲ. ಊರ ಕೆಳಗಿನ ಗೌರಮ್ಮನ ಮಡುವಿಗಂತೂ ವರ್ಷವಿಡೀ ಬಲೆ ಹಾಕುವಂತಿಲ್ಲ, ತಾಯಿ ಮೀನುಗಳೆಲ್ಲ ಅಲ್ಲೇ ಇರುವುದು. ಕಾವಲಿನವನು ಒಬ್ಬನಿರುತ್ತಾನೆ. ಕಟ್ಟಳೆ ಮುರಿದವನ ಹರಿಗೋಲಿನ ಮೇಲೆ ಅವನು ಒಂದು ಕಲ್ಲು ಇಡುತ್ತಾನೆ. ಗಂಗಾಪೂಜೆಯ ದಿನ ಎಲ್ಲರ ಹರಿಗೋಲು ಬಾಯಿ ಮೇಲಾಗಿ ನೀರಿಗೆ ಇಳಿದರೂ ಆ ಕಲ್ಲು ಹೊತ್ತ ಹರಿಗೋಲು ಮಾತ್ರ ಮುಂದಿನ ವರ್ಷದ ತನಕ ಬೋರಲಾಗೇ ಬಿದ್ದಿರಬೇಕು. ಯಾರೂ ಅದನ್ನು ಮುಟ್ಟುವುದಿಲ್ಲ, ಅದರ ಒಡೆಯನಿಗೆ ಯಾರೂ ತಮ್ಮ ಹರಿಗೋಲು ಎರವಲು ಕೊಡುವುದಿಲ್ಲ. ವರ್ಷವಿಡೀ ಬಿಸಿಲಿಗೆ ಬಿದ್ದ ಬಿದಿರು ಬಿರಿದು ಹೋಗುತ್ತದೆ. ಕೇಳುವುದಕ್ಕೆ ಬಹಳ ಚೆನ್ನಾಗಿದೆ. ಎಲ್ಲರೂ ಗಂಗಮ್ಮನ ಮೇಲೆ ಆಣೆ ಇಟ್ಟೇ ಬೋರಲು ಹಾಕುವುದು. ಆಮೇಲೆ ಬೀಗರು ಬಂದರು ಅಂತ ಒಂದು, ಬಾಣಂತಿಗೆ ಅಂತ ಒಂದು, ಪೊಲೀಸಿನವರು ಕೇಳಿದರು ಅಂತ ಒಂದು. ನಮ್ಮ ಜನರ ಆಣೆಗೆ ಕಿಟಕಿ ಬಾಗಿಲು ಬಹಳ.

ಉಚ್ಚೆಂಗಪ್ಪ ಹರೆಯದಲ್ಲಿ ಈ ಹೊಳೆಯ ಅತಿ ದೊಡ್ಡ ಕೇಡುಗನಾಗಿದ್ದ. ಕಲ್ಲು ಕ್ವಾರಿಯಿಂದ ಕದ್ದು ತಂದ ಸಿಡಿಮದ್ದಿನ ತೋಟೆಗೆ ಬೆಂಕಿ ಕೊಟ್ಟು ನೀರಿಗೆ ಎಸೆಯುತ್ತಿದ್ದ. ಢಮ್ ಅಂದರೆ ಸಾಕು, ಬೆರಳುದ್ದದ ಮರಿಯಿಂದ ಹಿಡಿದು ಮೊಳದುದ್ದದ ಮೀನಿನ ತನಕ ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದೊಡ್ಡದನ್ನು ಬಾಚಿಕೊಂಡು ಸಣ್ಣದನ್ನು ಕಾಗೆಗೆ ಬಿಟ್ಟು ಹೋಗುತ್ತಿದ್ದ. ಒಂದು ಸಲ ತೋಟೆ ಕೈಯಲ್ಲೇ ಸಿಡಿಯಿತು. ಬಲಗೈಯ ಮೂರು ಬೆರಳು ಹೋದವು. ಅಂದಿನಿಂದ ಬಲೆ ಬೀಸುವುದು, ಎಳೆಯುವುದು ಎರಡೂ ಅವನಿಂದ ಆಗಲಿಲ್ಲ. ಬೇರೆಯವರ ಬುಟ್ಟಿಯಲ್ಲಿ ಮೀನು ಮಿಲಮಿಲ ಅನ್ನುವುದನ್ನು ನೋಡುತ್ತ ದಂಡೆಯ ಮೇಲೆ ಕೂತು ಹಲ್ಲು ಕಡಿಯುವುದೊಂದೇ ಉಳಿಯಿತು.

ಹಳೆಯ ಕಾವಲಿನವನು ತೀರಿಕೊಂಡಾಗ ಆ ಕೆಲಸವನ್ನು ಇವನೇ ಬೇಡಿ ಪಡೆದ. ಪಶ್ಚಾತ್ತಾಪ ಅಂತ ಕ್ಯಾಮೆರಾದವರು ಬರೆದದ್ದು ಇದನ್ನೇ. ಎಂಥ ಪಶ್ಚಾತ್ತಾಪ! ಅವನೇ ನನ್ನ ಮುಂದೆ ಬೀಡಿ ಹಚ್ಚುತ್ತ ಬಾಯಿ ಬಿಟ್ಟು ಹೇಳಿದ್ದ.

"ನನಗ ಸಿಗಲಾರದ್ದು ಈ ಮಕ್ಕಳಿಗ್ಯಾಕ ಸಿಗಬೇಕ್ರೀ ಸಾವ್ಕಾರ್ರ?"

ಅಷ್ಟೇ ಅವನ ನದಿಪ್ರೇಮ. ಆದರೆ ಒಂದು ಮಾತು ಒಪ್ಪಬೇಕು. ಪ್ರೀತಿಯಿಂದ ಕಾಯುವವನಿಗೆ ನಿದ್ದೆ ಬರುತ್ತದೆ, ಕರುಣೆ ಬರುತ್ತದೆ, ನೆಂಟರು ಬಂದರೆ ನಾಚಿಕೆ ಬರುತ್ತದೆ. ಉಚ್ಚೆಂಗಪ್ಪನಿಗೆ ಇದ್ಯಾವುದೂ ಬರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಡು ಕಾಯ್ದ. ಬಂಡೆಯ ಸಂದಿಯಲ್ಲಿ ಕೂತು ಮೀನು ಕಚ್ಚಿ ತಿನ್ನುವ ನೀರುನಾಯಿಗೂ ಕಲ್ಲು ತೂರಿ ಬೈಯುತ್ತಿದ್ದ. ಅದನ್ನೂ ಫೋಟೋ ಹಿಡಿದವರು ನೀರುನಾಯಿಯ ಜೊತೆ ಆಟ ಆಡುತ್ತಿದ್ದಾನೆ ಅಂತ ತಿಳಿದರು.

ಮಡುವಿನಲ್ಲಿ ಒಂದು ಬಾಳೆಮೀನಿತ್ತು. ಬಾಳೆ ಅಂದರೆ ಅಗಲ ಬಾಯಿಯ, ಉದ್ದ ಮೀಸೆಯ ದೊಡ್ಡ ಮೀನು. ಇದಕ್ಕೆ ಮಾತ್ರ ಮೀಸೆ ಒಂದೇ. ಹಿಂದೆ ಒಂದು ಬೇಸಿಗೆಯಲ್ಲಿ ಮಡುವಿನ ಆಚೆ, ಬಲೆ ಬಿಡಬಹುದಾದ ನೀರಿನಲ್ಲಿ, ಉಚ್ಚೆಂಗಪ್ಪ ಗಾಳ ಹಾಕಿ ಕೂತಿದ್ದ. ಬೆರಳಿಲ್ಲದವನಿಗೆ ಗಾಳವೊಂದೇ ಗತಿ. ಮೀನು ಕಚ್ಚಿತು, ಅವನೂ ಎಳೆದ, ಕೈಯಲ್ಲಿ ಹಿಡಿತ ಸಾಲದೆ ದಾರ ಜಾರಿತು. ಗಾಳದ ತುದಿಗೆ ಬಂದದ್ದು ಒಂದು ಮೀಸೆ ಮಾತ್ರ. ಅಂದಿನಿಂದ ಆ ಮೀನಿನ ಮೇಲೆ ಅವನಿಗೆ ವಿಶೇಷ ದ್ವೇಷ. ಅದು ನೀರಿನ ಮೇಲೆ ಬಾಯಿ ಬಿಟ್ಟಾಗೆಲ್ಲ ಅದರ ತಾಯಿ, ಅಜ್ಜಿಯನ್ನೆಲ್ಲ ತೆಗೆದು ಬೈಯುತ್ತಿದ್ದ. ಆದರೆ ಅದನ್ನು ಇನ್ನೊಬ್ಬನು ಹಿಡಿಯುವುದು ಎಂದರೆ ಅವನಿಗೆ ಹೆಂಡತಿಯನ್ನು ಇನ್ನೊಬ್ಬ ಕರೆದೊಯ್ದಷ್ಟೇ ಸಂಕಟ.

ಈ ಕಾವಲಿಗೆ ಬೆಲೆ ತೆತ್ತವಳು ಅವನ ಮಗಳು ತುಳಸಿ. ಅದೇ ಊರಿನ ಹನುಮೇಶನಿಗೆ ಕೊಟ್ಟಿದ್ದರು. ಹುಡುಗ ಚೂಟಿ, ಹರಿಗೋಲು ತಿರುಗಿಸುವುದರಲ್ಲಿ ಎತ್ತಿದ ಕೈ, ಬುದ್ಧಿ ಮಾತ್ರ ಸ್ವಲ್ಪ ಕಡಿಮೆ. ಮಾವನೇ ಕಾವಲಿನವನು, ನನಗ್ಯಾವ ಕಟ್ಟಳೆ ಅಂದುಕೊಂಡು ಆಷಾಢದಲ್ಲಿ ಮಡುವಿಗೆ ಬಲೆ ಬಿಟ್ಟ. ಉಚ್ಚೆಂಗಪ್ಪ ಬಲೆ ಸಮೇತ ಹಿಡಿದ.

ಅವತ್ತು ಇಡೀ ಊರು ದಂಡೆಗೆ ಬಂದಿತ್ತು. ಎಂಥ ಮರುಕ, ಎಂಥ ಕಣ್ಣೀರು! "ಮಗಳ ಮುಖ ನೋಡಪ್ಪ," "ಹೊಸ ಸಂಸಾರಪ್ಪ," "ಈ ಸಲ ಬಿಟ್ಟುಬಿಡಪ್ಪ" ಅಂತ ಅವರಿವರೆಲ್ಲ ಗೋಗರೆದರು. ಅವರಿಗೆ ಹನುಮೇಶನ ಚಿಂತೆಯಿತ್ತು ಅಂದುಕೊಂಡರೆ ನಿಮ್ಮಂಥ ಮುಗ್ಧರು ಇಲ್ಲ. ಅಳಿಯನನ್ನು ಬಿಟ್ಟರೆ ನಾಳೆ ತಮ್ಮನ್ನೂ ಬಿಡಬೇಕಾಗುತ್ತದೆ ಎಂಬ ಲೆಕ್ಕ ಎಲ್ಲರ ಮುಖದಲ್ಲೂ ಎದ್ದು ಕಾಣುತ್ತಿತ್ತು. ಉಚ್ಚೆಂಗಪ್ಪ ಮಗಳ ಮುಖ ನೋಡಲಿಲ್ಲ. ಏಳು ಬೆರಳಿನಲ್ಲೇ ಕಲ್ಲೆತ್ತಿ ಅಳಿಯನ ಹರಿಗೋಲಿನ ಮೇಲೆ ಇಟ್ಟ.

ಹನುಮೇಶ ವರ್ಷ ಪೂರ್ತಿ ಕಾಯಲಿಲ್ಲ. ಸಂಡೂರಿನ ಗಣಿಗೆ ಹೋಗಿ ಲಾರಿ ಹತ್ತಿದ. ಆಮೇಲೆ ಹೊಳೆಗೆ ತಿರುಗಿ ಬರಲೇ ಇಲ್ಲ. ಹಬ್ಬಕ್ಕೆ ಬಂದರೆ ಅವನ ಅಂಗಿಯಿಂದ ಕೆಂಪು ಧೂಳು ಉದುರುತ್ತದೆ, ಎರಡು ದಿನ ಮಲಗಿ ಎದ್ದು ಹೋಗುತ್ತಾನೆ. ತುಳಸಿ ಕೂಲಿ ಮಾಡಿ, ಒಣಮೀನು ಮಾರಿ, ತನ್ನದೇ ಒಂದು ಹರಿಗೋಲು ಮಾಡಿಕೊಂಡಳು. ಡಾಂಬರು ನನ್ನಂಗಡಿಯದೇ. ಅವಳೇ ಬಲೆ ಬಿಡುತ್ತಾಳೆ, ಅವಳೇ ಕಂಪ್ಲಿ ಸಂತೆಗೆ ಮೀನು ಹೊರುತ್ತಾಳೆ. ಅಪ್ಪನ ಜೊತೆ ಮಾತಿಲ್ಲ. ಅವನು ಕಾವಲಿಗೆ ಸುತ್ತುವ ಹರಿಗೋಲು, ಅವಳ ಹರಿಗೋಲು ಎರಡೂ ದಂಡೆಯ ಮೇಲೆ ಅಕ್ಕಪಕ್ಕ ಇರುತ್ತವೆ, ಇವರಿಬ್ಬರು ಮುಖ ತಿರುಗಿಸಿಕೊಂಡು ಡಾಂಬರು ಬಳಿಯುತ್ತಾರೆ.

ಈಗ ನಮ್ಮ ಸಿದ್ದಲಿಂಗೇಶನ ವಿಷಯ. ನನ್ನ ಅಕ್ಕನ ಮಗ, ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ. ಮೀನಿನ ನೆರಳು ಬಿದ್ದರೆ ಸ್ನಾನ ಮಾಡುವ ಮನೆಯಲ್ಲಿ ಹುಟ್ಟಿದ ಈ ಮಹಾಶಯ ನಮ್ಮೂರಿನ ಮೀನುಗಾರರ ಸಂಘದ ಅಧ್ಯಕ್ಷ! ಹೇಗಾದ ಅಂತ ಕೇಳಬೇಡಿ, ಹಿಂದೆ ಮುಂದೆ ನಾಲ್ಕು ಜನ ಓಡಾಡುವವರಿದ್ದರೆ ಏನು ಬೇಕಾದರೂ ಆಗಬಹುದು. ಬಲೆಯ ತಲೆ ಯಾವುದು, ಬಾಲ ಯಾವುದು ಅಂತ ಅವನಿಗೆ ಗೊತ್ತಿಲ್ಲ. ಗೊತ್ತಿರುವುದು ಒಂದೇ. ಹಂಪಿಯ ಕಡೆಯ ಒಂದು ರೆಸಾರ್ಟಿನವರಿಗೆ ಮಡು ಬೇಕಾಗಿತ್ತು, ಅವರ ಅತಿಥಿಗಳು ಟೊಪ್ಪಿಗೆ ಹಾಕಿಕೊಂಡು ವರ್ಷವಿಡೀ ಗಾಳ ಹಾಕಿ ಕೂರುವುದಕ್ಕೆ. ಸಂಘ ಹೂಂ ಅನ್ನಬೇಕು. ಸಂಘದವರೆಲ್ಲ ಹೂಂ ಅನ್ನುವುದಕ್ಕೆ ತಯಾರೇ ಇದ್ದರು. ಅಡ್ಡ ಬಂದದ್ದು ಆ ಹಳೆಯ ಕಟ್ಟಳೆ ಮತ್ತು ಕಲ್ಲು. ಕಟ್ಟಳೆ ಸತ್ತರೆ ಮಡು ಸತ್ತಂತೆಯೇ.

"ಮಾವಾ, ಮುದುಕನ್ನ ಎದುರು ಹಾಕ್ಕೋಬಾರ್ದು," ಅಂದ ಸಿದ್ದಲಿಂಗೇಶ ನನ್ನ ಕಟ್ಟೆಯ ಮೇಲೆ ಕೂತು. "ಅವನಿಗೊಂದು ಸನ್ಮಾನ ಮಾಡಿಬಿಡಾಣ. ಶಾಲು ಹೊದ್ದ ಮ್ಯಾಲೆ ಮನುಷ್ಯ ಭಾಳ ಮೆತ್ತಗಾಗ್ತಾನ."

"ನಿನ್ನ ಶಾಲು ಹೊದ್ದು ಅವ ಮೆತ್ತಗಾಗೋ ಹಂಗಿದ್ರ, ಮಗಳ ಕಣ್ಣೀರಿಗ ಯಾವಾಗೋ ಕರಗಿರ್ತಿದ್ದ ಬಿಡೋ," ಅಂದೆ.

ಅವನು ಕೇಳಲಿಲ್ಲ. ಜುಲೈನಲ್ಲಿ ಮೀನುಗಾರರ ದಿನಾಚರಣೆ. ಬಲೆ ಬಂದ್ ಇರುವ ಕಾಲದ ನಟ್ಟ ನಡುವೆ, ಹರಿಗೋಲುಗಳೆಲ್ಲ ಬೋರಲು. ದಂಡೆಯ ಮೇಲೆ ಶಾಮಿಯಾನ, ಮೈಕು, ಊರಿನ ಹೆಸರು ತಪ್ಪಾಗಿ ಬರೆದ ಬ್ಯಾನರು. ಜೊತೆಗೆ ಮೀನುಮರಿ ಬಿಡುವ ಕಾರ್ಯಕ್ರಮ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತುಂಬಿ ತಂದ ಮರಿಗಳು ಬಿಸಿಲಿಗೆ ಬಿದ್ದಿದ್ದವು, ಮುಖ್ಯ ಅತಿಥಿಯ ಭಾಷಣ ಮುಗಿಯುವಂತಿರಲಿಲ್ಲ. ಜಲಸಂಪತ್ತು ನಮ್ಮ ತಾಯಿ ಅಂದರು, ತಾಯಿಯ ಋಣ ಅಂದರು. ಋಣ ತೀರಿಸಿ ಚೀಲ ಬಿಚ್ಚಿ ಸುರಿದಾಗ ಅರ್ಧ ಮರಿಗಳು ಬಿದ್ದಲ್ಲೇ ಬೆಳ್ಳಗೆ ತೇಲಿದವು. ಚಪ್ಪಾಳೆಯೋ ಚಪ್ಪಾಳೆ. ಕಾಗೆಗಳಿಗೂ ಅವತ್ತು ಹಬ್ಬ.

ಆಮೇಲೆ ಉಚ್ಚೆಂಗಪ್ಪನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ತಲೆಗೊಂದು ಪೇಟ. ಮಡುವಿನ ರಕ್ಷಕ ಅಂತ ಫಲಕ. ಅವನು ಮುಖ ಗಂಟು ಹಾಕಿಕೊಂಡೇ ಕೂತಿದ್ದ. ಆದರೆ ಪೇಟ ಓರೆಯಾದಾಗ ಬೆರಳಿಲ್ಲದ ಕೈಯಿಂದ ಸರಿ ಮಾಡಿಕೊಂಡಿದ್ದನ್ನು ನಾನು ನೋಡಿದೆ.

ಊಟಕ್ಕೆ ಕೂತರು. ನಮ್ಮ ಬೆಸ್ತರಲ್ಲಿ ಮರ್ಯಾದೆಯ ಮನುಷ್ಯನಿಗೆ ದೊಡ್ಡ ಮೀನಿನ ತಲೆ ಬಡಿಸಬೇಕು. ಮದುವೆಯಲ್ಲಿ ಬೀಗನಿಗೆ, ಪೂಜೆಯಲ್ಲಿ ಹಿರಿಯನಿಗೆ, ತಲೆಯಿಲ್ಲದ ಊಟ ಊಟವೇ ಅಲ್ಲ. ಸಂಘದವರಿಗೆ ಅವತ್ತು ಎಂಥ ಪೇಚು ಬಂದಿರಬೇಕು ನೋಡಿ! ಆಂಧ್ರದ ಕೆರೆಯಿಂದ ಐಸಿನಲ್ಲಿ ಬರುವ ಮೀನಿನ ತಲೆ ಬಡಿಸಿದರೆ ಹೊಳೆ ಕಾಯ್ದವನಿಗೆ ಅವಮಾನ. ಹೊಳೆಯ ಮೀನೇ ಬೇಕು, ದೊಡ್ಡದೇ ಬೇಕು. ದೊಡ್ಡ ಮೀನು ಎಲ್ಲಿದೆ? ಅವನು ಕಾಯ್ದ ಮಡುವಿನಲ್ಲಿ. ಇಡೀ ಕಮಿಟಿ ಕೂತು ಯೋಚಿಸಿತಂತೆ. ಮಡು ಕಾಯ್ದ ಪುಣ್ಯಾತ್ಮನಿಗೆ ಮರ್ಯಾದೆ ಮಾಡುವುದಕ್ಕಾಗಿ, ಅವನು ಶಾಮಿಯಾನದಲ್ಲಿ ಭಾಷಣ ಕೇಳುತ್ತ ಕೂತಿದ್ದ ಹೊತ್ತಿನಲ್ಲಿ ಮಡುವಿಗೇ ಬಲೆ ಬಿಟ್ಟರು. ಅವರಲ್ಲಿ ಒಬ್ಬನ ತಲೆಯಲ್ಲೂ ಇದು ಸರಿಯಲ್ಲ ಅನ್ನುವುದು ಹೊಳೆಯಲಿಲ್ಲ. ಬೇಕಂತಲೇ ಮಾಡಿದ್ದರೆ ನಾನು ಅವರನ್ನು ಕಳ್ಳರೆಂದು ಗೌರವಿಸುತ್ತಿದ್ದೆ. ಇವರು ಭಕ್ತಿಯಿಂದ ಮಾಡಿದರು.

ಅಡುಗೆ ಮಹಿಳಾ ಸಂಘದ್ದು. ಸಾರು ಕುದಿಸಿದವಳು ತುಳಸಿ, ಮೀನಿನ ಸಾರಿಗೆ ಅವಳ ಕೈ ಅಂದರೆ ಸುತ್ತ ಊರಿಗೆಲ್ಲ ಹೆಸರು. ನಾನು ದೂರ ಕಲ್ಲಿನ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದೆ. ನಮ್ಮ ಸಿದ್ದಲಿಂಗೇಶ ಮಾತ್ರ ಪಂಕ್ತಿಯಲ್ಲೇ ಕೂತಿದ್ದ. "ಮೀನು ಬ್ಯಾಡ, ಬರೀ ಸಾರು ಹಾಕವ್ವ" ಅಂತ ರೊಟ್ಟಿ ಅದ್ದಿ ಅದ್ದಿ ತಿಂದ. ಅವನ ಧರ್ಮ ಅಷ್ಟು ನಾಜೂಕು.

ತುಳಸಿ ತಟ್ಟೆ ತುಂಬ ಇದ್ದ ತಲೆಯನ್ನು ತಾನೇ ತಂದು ಅಪ್ಪನ ಎಲೆಗೆ ಬಡಿಸಿದಳು. ಎಷ್ಟೋ ವರ್ಷದ ಮೇಲೆ ಮಗಳು ಬಡಿಸುತ್ತಿದ್ದಾಳೆ. ಮುದುಕ ಅವಳ ಮುಖ ನೋಡಿದ, ತುತ್ತು ಮುರಿದು ಬಾಯಿಗೆ ಹಾಕಿಕೊಂಡ. ಇನ್ನೊಂದು ತುತ್ತು. ಆಮೇಲೆ ಎಲೆಯ ಮೇಲಿನ ತಲೆಯನ್ನು ಆಚೆ ತಿರುಗಿಸಿದ. ಅವನ ಕೈ ಅಲ್ಲೇ ನಿಂತಿತು. ಮಸಾಲೆ ಒರೆಸಿ ನೋಡಿದ. ಒಂದು ಕಡೆ ಮೀಸೆಯಿತ್ತು. ಇನ್ನೊಂದು ಕಡೆ ಹಳೆಯ ಗಾಯದ ಗಂಟು.

"ಎಲ್ಲಿದಿದು?"

ಪಂಕ್ತಿಯೆಲ್ಲ ತಂತಮ್ಮ ಎಲೆಗೆ ಬಗ್ಗಿತು. ಸಿದ್ದಲಿಂಗೇಶ ನೀರು ಕುಡಿದ.

"ಮಡುವಿಂದಪ್ಪ," ಅಂದಳು ತುಳಸಿ, ಸೌಟು ಕೈಯಲ್ಲಿ ಹಿಡಿದೇ. "ಹೊಟ್ಟಿ ತುಂಬ ತತ್ತಿ ಇದ್ದವು. ಕೊಯ್ದಾಕಿ ನಾನ. ನೀ ನುಂಗಿದ್ಯಲ್ಲ ಈಗ? ಹೇಳು, ಇನ್ನ ಯಾರ ಹರಗೋಲಿನ ಮ್ಯಾಲೆ ಕಲ್ಲು ಇಡ್ತೀ?"

ಎಷ್ಟು ವರ್ಷ ಈ ಒಂದು ಮಾತನ್ನು ಹೊತ್ತುಕೊಂಡು ಅವಳು ಕಂಪ್ಲಿ ಸಂತೆಗೆ ನಡೆದಿದ್ದಳೋ. ಗೆದ್ದೆ ಎಂಬ ಸಂತೋಷ ಮಾತ್ರ ಅವಳ ಮುಖದಲ್ಲಿ ನನಗೆ ಕಾಣಲಿಲ್ಲ. ಉಚ್ಚೆಂಗಪ್ಪ ಎದ್ದ. ಪೇಟ ತೆಗೆದು ಎಲೆಯ ಪಕ್ಕ ಇಟ್ಟ, ಹೊಳೆಗೆ ಇಳಿದು ಬಾಯಿ ತೊಳೆದ, ಮತ್ತೆ ತೊಳೆದ. ನುಂಗಿದ್ದು ಹೊಳೆಯ ನೀರಿಗೆ ಹೋಗುತ್ತದೆಯೇ?

ಅವತ್ತಿಂದ ಊರಿಗೆ ಮಾತ್ರ ಬಹಳ ನೆಮ್ಮದಿ. ಎಲ್ಲರೂ ತಿಂದಿದ್ದಾರೆ, ಅವನೂ ತಿಂದಿದ್ದಾನೆ. ಎಲ್ಲರ ಮೇಲೂ ಕಲ್ಲು ಇಡುವ ಹಾಗಿಲ್ಲ, ತನ್ನನ್ನು ತಾನು ಬಿಟ್ಟುಕೊಂಡು ಬೇರೆಯವರ ಮೇಲೆ ಇಡುವ ಹಾಗೂ ಇಲ್ಲ. ಅಲ್ಲಿಗೆ ಕಲ್ಲಿನ ಕಥೆ ಮುಗಿಯಿತು. ಸಿದ್ದಲಿಂಗೇಶ ನನ್ನ ಕಟ್ಟೆಗೆ ಬಂದು ಕಾಲ ಮೇಲೆ ಕಾಲು ಹಾಕಿ ಕೂತ.

"ನೋಡಿದಿ ಮಾವಾ? ನಾವೇನೂ ಮಾಡ್ಲಿಲ್ಲ. ಒಂದು ಕಲ್ಲು ಬೀಳ್ದಂಗ ಈ ಗಂಗಾಪೂಜಿ ದಾಟಿಬಿಟ್ರ ಆತು. ಆ ಕಟ್ಟಳಿ ಹಳೇದಾತು ಅಂತ ಮೀಟಿಂಗಿನಾಗ ಹೇಳ್ತೀನಿ, ರೆಸಾರ್ಟಿನವ್ರಿಗೆ ಹೂಂ ಅಂತೀನಿ. ಮಸ್ತ್ ಕೆಲ್ಸ."

ನನಗೆ ಎಂಥ ಸಿಟ್ಟು ಬಂತೆಂದರೆ ಅವನಿಗೆ ಕೊಟ್ಟ ಚಹಾ ವಾಪಸ್ ಕೇಳಬೇಕೆನಿಸಿತು. ಮೀನು ತಿನ್ನದ ನನಗೆ ಆ ಮಡುವಿನಿಂದ ಏನೂ ಆಗಬೇಕಾದ್ದಿಲ್ಲ. ಆದರೂ ಆ ನೀರಿನಲ್ಲಿ ಏನೋ ಒಂದು ನಮ್ಮ ಕೈಗೆ ಸಿಗದೆ ಓಡಾಡುತ್ತಿದೆ ಅನ್ನುವುದು ಊರಿಗೊಂದು ಮರ್ಯಾದೆಯಾಗಿತ್ತು. ಅದೂ ಹೋಯಿತು ಅಂದುಕೊಂಡೆ.

ಗಂಗಾಪೂಜೆಯ ದಿನ ಬೆಳಿಗ್ಗೆ ದಂಡೆ ತುಂಬ ಜನ. ಅರಿಶಿನ, ಕುಂಕುಮ, ಹೋಳಿಗೆ, ಹೊಸ ಡಾಂಬರಿನ ವಾಸನೆ. ಸಿದ್ದಲಿಂಗೇಶ ರೆಸಾರ್ಟಿನ ಮನುಷ್ಯನೊಬ್ಬನನ್ನೂ ಕರೆದುಕೊಂಡು ಬಂದಿದ್ದ, ಬಿಳಿ ಬೂಟು ಕೆಸರಾಗದಂತೆ ಆ ಮನುಷ್ಯ ಬಂಡೆಯಿಂದ ಬಂಡೆಗೆ ಹಾರುತ್ತಿದ್ದ. ಪೂಜೆ ಮುಗಿಯಿತು. ಇನ್ನು ಕಾವಲಿನವನು ಹೂಂ ಅಂದರೆ ಹರಿಗೋಲುಗಳನ್ನೆಲ್ಲ ಒಟ್ಟಿಗೆ ಮೇಲೆ ಮಾಡುವುದು.

ಉಚ್ಚೆಂಗಪ್ಪ ಹೂಂ ಅನ್ನಲಿಲ್ಲ. ಬಗ್ಗಿ ಒಂದು ಕಲ್ಲಿಗೆ ಕೈ ಹಾಕಿದ. ಪ್ರತಿಯೊಬ್ಬನೂ ತನ್ನ ಹರಿಗೋಲಿನ ಕಡೆ ಒಂದು ಹೆಜ್ಜೆ ಇಟ್ಟ. ಕಲ್ಲು ಒಂದು ಸಲ ಕೈಯಿಂದ ಜಾರಿತು. ಯಾರೂ ನೆರವಿಗೆ ಹೋಗಲಿಲ್ಲ. ಮತ್ತೆ ಎತ್ತಿ, ಎದೆಗೆ ಆನಿಸಿಕೊಂಡು ನಡೆದು, ತನ್ನ ಹರಿಗೋಲಿನ ಮೇಲೆಯೇ ಇಟ್ಟ.

"ತಿಂದೀನಿ, ಇಟ್ಟೀನಿ," ಅಂದ. "ನಿಮ್ಮ ಮ್ಯಾಲೆ ಇಡಾಕ ನನಗ ಬೆರಳು ಸಾಲಂಗಿಲ್ಲ. ಇರೋ ಏಳು ಬೆರಳು ನನ್ನ ಕಲ್ಲಿಗೇ ಸರಿಹೋದವು. ನಿಮ್ಮವು ನೀವ ಇಟ್ಕೊಳ್ರಿ."

ಹಾಗಂದು ಆ ಕಲ್ಲಿನ ಪಕ್ಕ ಮಡುವಿನ ಕಡೆ ಮುಖ ಮಾಡಿ ಕೂತುಬಿಟ್ಟ. ಇದರಲ್ಲೂ ದೊಡ್ಡತನ ಹುಡುಕಬೇಡಿ. ತನ್ನ ಹರಿಗೋಲಿನ ಮೇಲೆ ಇನ್ನೊಬ್ಬನು ಕಲ್ಲು ಇಟ್ಟುಬಿಟ್ಟಾನು ಎಂಬ ಹೊಟ್ಟೆಕಿಚ್ಚು ಅಂತಲೇ ನಾನು ಇವತ್ತಿಗೂ ಹೇಳುವುದು.

ಆಮೇಲೆ ಒಬ್ಬ ಕೆಮ್ಮಿದ, ಇನ್ನೊಬ್ಬ "ಮುದುಕಗ ಅರುಳು ಮರುಳು" ಅಂದ, ಮೂರನೆಯವನು ತನ್ನ ಹರಿಗೋಲಿನ ಅಂಚಿಗೆ ಕೈ ಹಾಕಿದ. ಅಷ್ಟೇ ಸಾಕಾಯಿತು. ದಡಬಡ, ದಡಬಡ, ದಂಡೆಯುದ್ದಕ್ಕೂ ಹರಿಗೋಲುಗಳು ಮೇಲಾದವು. ಒಬ್ಬನೂ ಇನ್ನೊಬ್ಬನ ಮುಖ ನೋಡಲಿಲ್ಲ. ಬಿಳಿ ಬೂಟಿನ ಮನುಷ್ಯ ಮೊಬೈಲ್ ಹಿಡಿದು ಬಹಳ ಸುಂದರ ಸಂಪ್ರದಾಯ ಅಂದ. ಸಿದ್ದಲಿಂಗೇಶ ಮಾತ್ರ ನಗಲಿಲ್ಲ. ಕಲ್ಲು ಬಿದ್ದಿತ್ತು, ಅದೂ ಕಾವಲಿನವನದೇ ಹರಿಗೋಲಿನ ಮೇಲೆ. ಕಟ್ಟಳೆ ಹಳೆಯದಾಯಿತು ಅಂತ ಇನ್ನು ಯಾವ ಮೀಟಿಂಗಿನಲ್ಲಿ ಹೇಳುತ್ತಾನೆ?

ತುಳಸಿಯ ಹರಿಗೋಲು ಅಪ್ಪನದರ ಪಕ್ಕದಲ್ಲೇ ಇತ್ತು, ಇನ್ನೂ ಬೋರಲು. ಅವಳು ಬಲೆ, ಹುಟ್ಟು ಎರಡನ್ನೂ ತಂದು ನಿಂತಿದ್ದಳು. ಇಡೀ ವರ್ಷದ ಅವಳ ಅನ್ನ ಅದೊಂದರಲ್ಲೇ. ಅಂಚಿಗೆ ಕೈ ಹಾಕಿದಳು, ಬಿಟ್ಟಳು. ಬಲೆಯನ್ನು ಕೆಳಗೆ ಹಾಕಿ ಬಂಡೆಯ ಬುಡಕ್ಕೆ ಹೋಗಿ ಒಂದು ಕಲ್ಲು ಹೊತ್ತು ತಂದಳು. ಅಪ್ಪನದಕ್ಕಿಂತ ದೊಡ್ಡದು.

ನಾನು ತಡೆಯಲಾರದೆ ಇಳಿದು ಹೋದೆ. "ನಿನಗ್ಯಾಕವ್ವ ಇದು? ಆ ಮುದುಕ ನಿನಗ ಮಾಡಿದ್ದೇ ಸಾಲದ?"

"ಕುದಿಸಿದಾಕಿ ನಾನ ಅಲ್ಲೇನ್ರೀ ಸಾವ್ಕಾರ್ರ?" ಅಂದಳು. ಕಲ್ಲು ಇಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು, ಅಪ್ಪನ ಕಡೆ ನೋಡದೆಯೇ ಅವನ ಪಕ್ಕ ಕೂತಳು. ಅವನೂ ನೋಡಲಿಲ್ಲ, ಸ್ವಲ್ಪ ಸರಿದು ಜಾಗ ಕೊಟ್ಟ.

ಎತ್ತ ತಿರುಗಿದರೂ ಕಲ್ಲೇ ಇರುವ ಸೀಮೆ ನಮ್ಮದು. ಅವತ್ತು ಬಗ್ಗಿ ಒಂದು ಎತ್ತಿಕೊಂಡವರು ಇವರಿಬ್ಬರೇ.